ಡ್ರೆವಾಕನ ನೂರನೆಯ ಕಾರ್ಡು

ಮನುಷ್ಯರಿಗೆ ಒಂದಲ್ಲ ಒಂದು ಹುಚ್ಚು ಇರಬೇಕು, ಇಲ್ಲದಿದ್ದರೆ ಅವರ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ನಾನು ನಂಬಿದವಳು. ಯಾವ ಹುಚ್ಚೂ ಇಲ್ಲದವರು ಹೊತ್ತು ಹೋಗದೆ ಪಕ್ಕದವರ ಕೆಲಸದಲ್ಲಿ ಮೂಗು ತೂರಿಸುತ್ತಿರುತ್ತಾರೆ. ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನಲ್ಲ, ಅದಕ್ಕೆ ಕಾರಣ ನನ್ನ ಹುಚ್ಚು ಎಂಥದೆಂದು ಇನ್ನೂ ನಿಮಗೆ ಗೊತ್ತಿಲ್ಲ. ಹೇಳಿಬಿಡುತ್ತೇನೆ. ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ನನ್ನ ಗಂಡನ ಫೋಟೋಗಳು ಒಟ್ಟು ನಾಲ್ಕಿವೆ, ಅದರಲ್ಲಿ ಎರಡು ಹಳೆಯ ಪಾಸ್‌ಪೋರ್ಟುಗಳಲ್ಲಿ. ಇನ್ನೊಬ್ಬ ಗಂಡಸಿನ ಫೋಟೋಗಳು ಕಳೆದ ತಿಂಗಳಿಗೆ ಸರಿಯಾಗಿ ನೂರಾದವು.

ಗಾಬರಿಯಾಗಬೇಡಿ. ಆತನ ಹೆಸರು ಕಾಲಿನ್ ಡ್ರೆವಾಕ್. ಕೆನಡಾದವನು, ಐಸ್ ಹಾಕಿಯ ಗೋಲ್‌ಕೀಪರ್. ಹಾಕಿ ಎಂದರೆ ನಮ್ಮ ಕೊಡಗಿನವರು ಮೈದಾನದಲ್ಲಿ ಆಡುವ ಹಾಕಿಯಲ್ಲ. ಕಾಲಿಗೆ ಕತ್ತಿಯಂಥ ಸ್ಕೇಟು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಹಾಕಿ. ಆ ಕಡೆಯಲ್ಲಿ ಆಟಗಾರರ ಚಿತ್ರವನ್ನು ಇಸ್ಪೀಟೆಲೆಯಷ್ಟು ದೊಡ್ಡ ಕಾರ್ಡಿನ ಮೇಲೆ ಅಚ್ಚು ಹಾಕುತ್ತಾರೆ. ಮುಂದೆ ಚಿತ್ರ, ಹಿಂದೆ ಅವನ ಎತ್ತರ, ತೂಕ, ಹುಟ್ಟಿದ ದಿನ, ಆ ವರ್ಷ ಆಡಿದ ಪಂದ್ಯಗಳು. ದೊಡ್ಡ ದೊಡ್ಡವರು ಅವನ್ನು ಕೂಡಿಡುತ್ತಾರೆ. ಚಿಕ್ಕಂದಿನಲ್ಲಿ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಗ್ಗಿ ಬಗ್ಗಿ ಬೆಂಕಿಪೊಟ್ಟಣದ ಚಿತ್ರ ಆಯ್ದವಳು ನಾನು. ಐವತ್ತು ದಾಟಿದರೂ ಬೆನ್ನು ಬಗ್ಗುವ ಅಭ್ಯಾಸ ಹೋಗಲಿಲ್ಲ ಎಂದುಕೊಳ್ಳಿ.

ಶುರುವಾದದ್ದು ಹೀಗೆ. ಹನ್ನೆರಡು ವರ್ಷದ ಹಿಂದೆ ಗಂಡನ ವೀಸಾದ ಬಾಲ ಹಿಡಿದು ಲಂಡನ್ನಿಗೆ ಬಂದಾಗ ನನ್ನ ಹತ್ತಿರ ರಸಾಯನಶಾಸ್ತ್ರದ ಎಂ.ಎಸ್ಸಿ. ಇತ್ತು, ಹನ್ನೊಂದು ವರ್ಷ ಪಾಠ ಹೇಳಿದ ಅನುಭವವಿತ್ತು, ಕೆಲಸ ಮಾತ್ರ ಇರಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಸಲ್ವಾರ್ ಹಾಕಿಕೊಂಡು, ಫೋನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿ ಕೂತು ತಲೆ ಕೆಡಬಾರದೆಂದು ಎಜ್‌ವೇರಿನ ಒಂದು ಚಾರಿಟಿ ಅಂಗಡಿಯಲ್ಲಿ, ಜನ ಕೊಟ್ಟು ಹೋದ ಹಳೆಯ ಪುಸ್ತಕಗಳನ್ನು ವಿಂಗಡಿಸುವ ಪುಕ್ಕಟೆ ಕೆಲಸಕ್ಕೆ ಸೇರಿದೆ. ಒಂದು ದಿನ ಬ್ರೆಡ್ ಮಾಡುವ ಪುಸ್ತಕದ ನಡುವೆ ಗುರುತಿಗೆಂದು ಯಾರೋ ಇಟ್ಟಿದ್ದ ಕಾರ್ಡೊಂದು ಬಿತ್ತು. ಅದರಲ್ಲಿ ಒಬ್ಬ ಮನುಷ್ಯ ಕಾಲಿಗೆ ದಿಂಬಿನಂಥ ಪ್ಯಾಡು, ಎದೆಗೆ ಕವಚ, ಕೈಗೆ ಬುಟ್ಟಿಯಷ್ಟು ದೊಡ್ಡ ಗ್ಲೌಸು ಎಲ್ಲವನ್ನೂ ಕಟ್ಟಿಕೊಂಡು, ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿ, ಬೆಂಚಿನ ಮೇಲೆ ಕೂತಿದ್ದ. ಈಗಲೋ ಇನ್ನೊಂದು ನಿಮಿಷಕ್ಕೋ ತನ್ನನ್ನು ಕರೆಯುತ್ತಾರೆ ಎಂಬಂಥ ಮುಖ. ಹಿಂದೆ ತಿರುಗಿಸಿದರೆ, ಆ ಇಡೀ ವರ್ಷ ಅವನು ಆಡಿದ ಪಂದ್ಯಗಳು ಮೂರು. ಅಚ್ಚಿನ ತಪ್ಪಿರಬೇಕು ಎಂದುಕೊಂಡೆ.

ತಪ್ಪಲ್ಲ. ಒಂದು ತಂಡಕ್ಕೆ ಇಬ್ಬರು ಗೋಲ್‌ಕೀಪರುಗಳಂತೆ. ಒಬ್ಬ ಆಡುತ್ತಾನೆ, ಇನ್ನೊಬ್ಬ ಪೂರ್ತಿ ಸಜ್ಜಾಗಿ ಕೂರುತ್ತಾನೆ. ಮೊದಲನೆಯವನಿಗೆ ಏಟು ಬಿದ್ದರೆ ಎರಡನೆಯವನು ಏಳಬೇಕು, ಬೀಳದಿದ್ದರೆ ಕೂತೇ ಇರಬೇಕು. ನಮ್ಮ ಕಡೆ ಯಕ್ಷಗಾನದಲ್ಲಿ ವೇಷ ಕಟ್ಟಿದವನನ್ನು ಒಂದು ದಿನ ರಂಗಕ್ಕೆ ಕಳಿಸದಿದ್ದರೆ ಅವನು ಭಾಗವತರ ಮನೆಗೇ ಜಗಳಕ್ಕೆ ಹೋಗುತ್ತಾನೆ. ಈ ಪುಣ್ಯಾತ್ಮ ಹದಿನೆಂಟು ವರ್ಷ ಹೀಗೆ ಕಟ್ಟಿ ಕಟ್ಟಿ ಬಿಚ್ಚಿದ್ದಾನೆ! ಒಂದು ದಿನವೂ ಸೊಟ್ಟಗೆ ಕೂತಿಲ್ಲ. ನನಗೆ ಅವನ ಮೇಲೆ ಎಂಥ ಗೌರವ ಹುಟ್ಟಿತೆಂದರೆ, ಆ ಕಾರ್ಡನ್ನು ಅಂಗಡಿಯವರನ್ನು ಕೇಳಿ ಮನೆಗೆ ತಂದೆ. ಮುಂದೆ ಜಿ.ಪಿ. ಸರ್ಜರಿಯಲ್ಲಿ, ಎಂದರೆ ಇಲ್ಲಿನ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್ ಕೆಲಸ ಸಿಕ್ಕಿತು. ಕಾಯುವವರನ್ನು ಕಾಯಿಸುವ ಕೆಲಸ ಅದು. ಅಷ್ಟು ಹೊತ್ತಿಗೆ ಕಾರ್ಡುಗಳು ಹದಿನಾಲ್ಕಾಗಿದ್ದವು.

ನನ್ನ ಗಂಡ ಸದಾನಂದರು ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರಿನ ತಪ್ಪು ಹುಡುಕುವವರು. ಅಭ್ಯಾಸಬಲದಿಂದ ಒಂದು ಸಲ ನನ್ನ ಆಲ್ಬಮಿನಲ್ಲೂ ತಪ್ಪು ಹುಡುಕಿದರು. "ಇದೂ ಅದೂ ಒಂದೇ ಚಿತ್ರ ಅಲ್ದಾ? ಒಂದೇ ಕಾರ್ಡು ಎರಡೆಂತಕ್ಕೆ?" ಎಂದರು. "ಒಂದೇ ಚಿತ್ರ ಹೌದು. ಅದರ ಅಂಚು ನೀಲಿ, ಇದರ ಅಂಚು ಬಂಗಾರ" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದವರು, ಗೋಡೆಬೀರುವಿನಲ್ಲಿ ಅಂಚೊಂದನ್ನು ಬಿಟ್ಟರೆ ಎಲ್ಲ ರೀತಿಯಲ್ಲೂ ಒಂದೇ ಆಗಿರುವ ನನ್ನ ಮೂರು ಹಸಿರು ಸೀರೆಗಳು ನೆನಪಾಗಿರಬೇಕು, ಬಾಯಿ ಮುಚ್ಚಿದರು. ಮಗಳು ಅನಘ ಮಾತ್ರ, "ಅಮ್ಮಾ, ದಿಸ್ ಈಸ್ ಬೇಸಿಕಲಿ ಸ್ಟಾಕಿಂಗ್" ಎಂದು, ನಾನು ಗುರುತಿಲ್ಲದವನ ಬೆನ್ನು ಹತ್ತಿದವಳೆಂದು, ತೀರ್ಪು ಕೊಟ್ಟು ತನ್ನ ಕೋಣೆಗೆ ಹೋದಳು.

ಡ್ರೆವಾಕನ ಕಾರ್ಡುಗಳು ಇರುವುದೇ ನೂರು. ಅವನನ್ನು ಕೂಡಿಡುವವರ ಆನ್‌ಲೈನ್ ಗುಂಪೊಂದಿದೆ, ನನ್ನನ್ನೂ ಸೇರಿಸಿ ಹನ್ನೊಂದು ಜನ. ನಾವೇ ಸೇರಿ ಪಟ್ಟಿ ಮಾಡಿದ್ದು. ತೊಂಬತ್ತೊಂಬತ್ತರ ಹತ್ತಿರ ಬಂದು ನಾನು ಮೂರು ವರ್ಷ ನಿಂತಿದ್ದೆ. ಉಳಿದದ್ದು ಅವನು ತೀರ ಹುಡುಗನಾಗಿದ್ದಾಗ ಒಂದು ಸಣ್ಣ ಊರಿನ ತಂಡಕ್ಕೆಂದು ಅಲ್ಲಿನ ಬೇಕರಿಯವರು ಬ್ರೆಡ್ಡಿನ ಜೊತೆ ಹಂಚಿದ ಕಾರ್ಡು. ಗುಂಪಿನಲ್ಲಿ ಅದು ಇದ್ದದ್ದು ಆ ಊರಿನ ಒಬ್ಬ ನಿವೃತ್ತ ಮೇಷ್ಟರ ಹತ್ತಿರ ಮಾತ್ರ, ಅವರ ಹತ್ತಿರ ಎರಡಿದ್ದವು. ಮೂರು ವರ್ಷ ಬೇಡಿದ ಮೇಲೆ, "ಹಣ ಬೇಡ, ನಿಮ್ಮ ಊರಿನದು ಏನಾದರೂ ಕಳಿಸಿ" ಎಂದು ಬರೆದರು. ನಾನು ಮನೆಯಲ್ಲೇ ಹುರಿದು ಮಾಡಿದ ಸಾರಿನ ಪುಡಿ ಕಳಿಸಿದೆ. ಅವರು ಅದನ್ನು ಪಾಪ್‌ಕಾರ್ನಿನ ಮೇಲೆ ಉದುರಿಸಿಕೊಂಡು ತಿಂದರಂತೆ, ಹೆಂಡತಿಗೂ ಹಿಡಿಸಿತಂತೆ. ಎರಡು ವಾರಕ್ಕೆ ಕಾರ್ಡು ಬಂತು.

ಲಕೋಟೆ ಒಡೆದು ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡೆ. ಗುಂಪಿನ ಪಟ್ಟಿಯಲ್ಲಿ ಅದರ ಹೆಸರಿತ್ತೇ ಹೊರತು ಚಿತ್ರವಿರಲಿಲ್ಲ. ಉಳಿದ ತೊಂಬತ್ತೊಂಬತ್ತರಲ್ಲಿ ಡ್ರೆವಾಕ್ ಕೂತಿದ್ದಾನೆ, ನಿಂತಿದ್ದಾನೆ, ನೀರು ಕುಡಿದಿದ್ದಾನೆ, ಒಂದರಲ್ಲಿ ಲೇಸು ಕಟ್ಟುತ್ತಿದ್ದಾನೆ. ಈ ನೂರನೆಯದರಲ್ಲಿ ಅವನು ಹಾರುತ್ತಿದ್ದಾನೆ! ಎರಡೂ ಕಾಲು ನೆಲ ಬಿಟ್ಟಿವೆ, ಇಡೀ ದೇಹ ಗಾಳಿಯಲ್ಲಿ ಅಡ್ಡಡ್ಡ ಮಲಗಿದೆ, ಬಿಳಿ ಮುಖವಾಡ ತೊಟ್ಟ ತಲೆ ಹಿಂದಕ್ಕೆ ಬಾಗಿದೆ, ಚಾಚಿದ ಗ್ಲೌಸಿನ ತುದಿಯಲ್ಲಿ ಕಪ್ಪು ಬಿಲ್ಲೆಯಂಥ ಪಕ್ ಸಿಕ್ಕಿಕೊಂಡಿದೆ. ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು. ಹಾಗಾದರೆ ಅಪರೂಪಕ್ಕೆ ಕರೆದ ದಿನ ಇವನು ಹೀಗೆ ಹಾರಿದ್ದಾನೆ! ನನ್ನ ಕಣ್ಣಲ್ಲಿ ನೀರು ಬಂತು. ಹನ್ನೆರಡು ವರ್ಷದಿಂದ ನನಗೆ ಬೇಕಾಗಿದ್ದದ್ದು ನೂರು ಎನ್ನುವ ಸಂಖ್ಯೆಯಲ್ಲ, ಇವನು ಬರೀ ಕೂತು ಎದ್ದು ಹೋದವನಲ್ಲ ಎಂಬುದಕ್ಕೆ ಒಂದು ಸಾಕ್ಷಿ ಎಂದು ಆಗ ತಿಳಿಯಿತು. ಭೂತಗನ್ನಡಿ ಹಿಡಿದು ಕಾರ್ಡಿನ ನಾಲ್ಕೂ ಮೂಲೆಗಳನ್ನು ನೋಡಿದೆ. ಮೂಲೆ ಮುದುರಿದ್ದರೆ ನಮ್ಮಲ್ಲಿ ಕಾರ್ಡಿಗೆ ಬೆಲೆಯಿಲ್ಲ. ನಾಲ್ಕೂ ಚೂಪಾಗಿದ್ದವು. ಗುಂಪಿಗೆ "ನೂರು" ಎಂದು ಒಂದೇ ಪದ ಬರೆದು ಹಾಕಿದೆ. ಹತ್ತು ಜನ ಚಪ್ಪಾಳೆಯ ಚಿತ್ರ ಕಳಿಸಿದರು.

ಶನಿವಾರ ಮಧ್ಯಾಹ್ನ ಹಾಲಿನ ಕಾರ್ಪೆಟ್ಟಿನ ಮೇಲೆ ನೂರನ್ನೂ ಸಾಲಾಗಿ ಹರಡಿದೆ. ಎಡ ತುದಿಯಲ್ಲಿ ಮೀಸೆ ಮೂಡದ ಹುಡುಗ, ಬಲ ತುದಿಯಲ್ಲಿ ಗಡ್ಡ ನೆರೆತ ಮನುಷ್ಯ. ನಡುವೆ ಒಂದೊಂದೇ ಕಾರ್ಡಿಗೆ ಕೂದಲು ಹಿಂದೆ ಸರಿಯುತ್ತದೆ, ಮೂಗು ಒಂದು ಸಲ ಮುರಿಯುತ್ತದೆ, ಕೆನ್ನೆ ಇಳಿಯುತ್ತದೆ. ಒಬ್ಬ ಮನುಷ್ಯನ ಪ್ರಾಯ ನಮ್ಮ ಸೋಫಾದಿಂದ ಅಡುಗೆಮನೆಯ ಬಾಗಿಲವರೆಗೆ ಹರಡಿಕೊಂಡಿತ್ತು. ನಾನು ಮಂಡಿಯೂರಿ ಬೆರಗಾಗಿ ನೋಡುತ್ತಿದ್ದಾಗ ನನ್ನ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಅತ್ತೆ ಕುಂದಾಪುರದಿಂದ ಆರು ತಿಂಗಳಿಗೆಂದು ಬಂದವರು. ಎಪ್ಪತ್ತೆಂಟಾದರೂ ಕಣ್ಣು, ಕಿವಿ, ನಾಲಿಗೆ ಮೂರೂ ಗಟ್ಟಿ.

"ಇದ್ ಯಾರ್ ಮಾರಾಯ್ತಿ? ನಿನ್ ಕಡಿಯರಾ?" ಎಂದರು.

ನಾನು ಎಲ್ಲವನ್ನೂ ವಿವರಿಸಿದೆ. ಅತ್ತೆ ಆಟದ ಬಗ್ಗೆ ಏನೂ ಕೇಳಲಿಲ್ಲ. "ಈಗ ಎಲ್ಲಿದ್ದ?" ಎಂದು ಮಾತ್ರ ಕೇಳಿದರು.

ಇಲ್ಲಿ ನಾನೊಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೇನೆ. ಡ್ರೆವಾಕ್ ಕೊನೆಯ ವರ್ಷ ಆಡಿದ್ದು ಲಂಡನ್ನಿನ ಒಂದು ಪುಟ್ಟ ತಂಡಕ್ಕೆ. ಆಮೇಲೆ ಇಲ್ಲೇ ಉಳಿದ. ನಗರದ ಪೂರ್ವದ ಕಡೆ ಒಂದು ಐಸ್ ರಿಂಕಿನಲ್ಲಿ, ಎಂದರೆ ಮಂಜುಗಡ್ಡೆಯ ಅಂಕಣದಲ್ಲಿ, ಸ್ಕೇಟುಗಳಿಗೆ ಸಾಣೆ ಹಿಡಿಯುತ್ತಾನೆ. ಇದು ನನಗೆ ನಾಲ್ಕು ವರ್ಷದಿಂದ ಗೊತ್ತು. ಹೋಗಿರಲಿಲ್ಲ. ಹೋಗಿ ಏನೆಂದು ಹೇಳುವುದು? ದೇವಸ್ಥಾನಕ್ಕೆ ಹೋಗಬಹುದು, ದೇವರು ಕೆಲಸ ಮಾಡುವ ಜಾಗಕ್ಕೆ ಹೋಗಿ ತೊಂದರೆ ಕೊಡುವುದು ಹೇಗೆ?

"ಇದೇ ಊರಂಗ್ ಇಪ್ಪುದಾ!" ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಹನ್ನೆರ್ಡ್ ವರ್ಷ ಆ ಜನದ್ ಫೋಟೋ ಮನೆಯಂಗ್ ಇಟ್ಕಂಡ್, ಒಂದ್ ದಿನ ಊಟಕ್ ಕರೀಲಿಲ್ಯಾ? ಎಂಥ ಮನಿ ಮರ್ಯಾದಿ ಇದ್?"

ಸ್ಟಾಕಿಂಗ್ ಎಂದರೆ ತಡೆದುಕೊಳ್ಳಬಹುದು, ಊಟಕ್ಕೆ ಕರೆಯದವಳು ಎಂದರೆ ಕುಂದಾಪುರದ ಹೆಣ್ಣು ತಡೆದುಕೊಳ್ಳುವುದು ಕಷ್ಟ. ಮನೆಗೆ ಬರದವನ ಹತ್ತಿರಕ್ಕೆ ಊಟವೇ ಹೋಗಬೇಕು ಎಂದು ಅತ್ತೆ ನಿರ್ಧರಿಸಿದರು. ಭಾನುವಾರ ಬೆಳಿಗ್ಗೆ ಸ್ಟೀಲ್ ಲೋಟಗಳಲ್ಲಿ ಕಡುಬು ಬೇಯಿಸಿದರು, ಕಾಯಿಚಟ್ನಿ ರುಬ್ಬಿದರು, ಕಡಲೆಬೇಳೆಯ ಹಯಗ್ರೀವ ಮಾಡಿದರು. ಎಲ್ಲವನ್ನೂ ಮೂರು ಅಂತಸ್ತಿನ ಕ್ಯಾರಿಯರಿನಲ್ಲಿ ತುಂಬಿ, ಸೀರೆಯ ಮೇಲೆ ಮಗನ ದಪ್ಪ ಜಾಕೆಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಹೊರಟರು. ಕ್ಯಾರಿಯರಿನ ಜೊತೆ ಅವರು, ಆಲ್ಬಮಿನ ಜೊತೆ ನಾನು, ಮನಸ್ಸಿಲ್ಲದ ಮನಸ್ಸಿನ ಜೊತೆ ನನ್ನ ಗಂಡ. ಜುಬಿಲಿ ಲೈನಿನಲ್ಲಿ ಹೆಚ್ಚುಕಡಿಮೆ ಈ ಕೊನೆಯಿಂದ ಆ ಕೊನೆಗೆ ಹೋದೆವು. ಕ್ಯಾನರಿ ವಾರ್ಫ್ ಬಂದಾಗ ಸದಾನಂದರು ಭಾನುವಾರವೂ ಈ ಸ್ಟೇಷನ್ನನ್ನು ನೋಡಬೇಕಾಯಿತಲ್ಲ ಎಂದು ಕಣ್ಣು ಮುಚ್ಚಿಕೊಂಡರು.

ರಿಂಕಿನ ಮೂಲೆಯ ಒಂದು ಸಣ್ಣ ಕೋಣೆಯಲ್ಲಿ, ತಿರುಗುವ ಕಲ್ಲಿಗೆ ಸ್ಕೇಟು ಒತ್ತಿ ಹಿಡಿದು, ಕಿಡಿಗಳ ನಡುವೆ ಒಬ್ಬ ಬೊಕ್ಕತಲೆಯ ಮನುಷ್ಯ ನಿಂತಿದ್ದ. ಮೂಗಿನ ತುದಿಗೆ ಕನ್ನಡಕ. ಆ ಮೂಗು ಎಲ್ಲಿ ಮುರಿದದ್ದು, ಎಷ್ಟನೆಯ ಕಾರ್ಡಿನಲ್ಲಿ ಮುರಿದದ್ದು ಎಂದು ನನಗೆ ಗೊತ್ತು. ಅರವತ್ತೆರಡನೆಯದರಲ್ಲಿ. ಆದರೆ ಅಷ್ಟು ದೊಡ್ಡದಾಗಿ, ಉಸಿರಾಡುತ್ತ, ಬೆವರುತ್ತ ಅದು ಎದುರು ಬಂದಾಗ ನಾನು ಆಲ್ಬಮನ್ನು ಎದೆಗೆ ಅವಚಿಕೊಂಡೆ. ಇಡೀ ರಾತ್ರಿ ಉರು ಹೊಡೆದ ಇಂಗ್ಲಿಷ್ ವಾಕ್ಯಗಳೆಲ್ಲ ಮಾಯ. ಅವನು ಕಲ್ಲು ನಿಲ್ಲಿಸಿ, ಏನು ಬೇಕು ಎಂಬಂತೆ ನೋಡಿದ. ಸರ್ಜರಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತೇ ನನ್ನ ಬಾಯಿಂದ ಬಂತು: "ನಿಮ್ಮ ಹೆಸರು ಮತ್ತು ಹುಟ್ಟಿದ ದಿನಾಂಕ ಹೇಳಿ, ಪ್ಲೀಸ್."

ಪಾಪ, ಹೇಳಿದ. ಎರಡೂ ಸರಿಯಾಗಿದ್ದವು.

ನಾನು ನಿಂತ ನೆಲ ಬಿರಿಯಬಾರದೇ ಎಂದು ಕಾಯುತ್ತಿದ್ದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಅವನ ಮೇಜಿನ ಮೇಲಿದ್ದ ಸ್ಕೇಟುಗಳನ್ನೂ ಅತ್ತ ಸರಿಸಿ, ಕ್ಯಾರಿಯರ್ ಬಿಚ್ಚಿದರು. "ತಿನ್ನಿ, ನಾಚ್ಕಂಬುದ್ ಬ್ಯಾಡ, ಬಿಸಿ ಇದ್ದಂಗೇ ತಿನ್ನಿ" ಎಂದು ಅಪ್ಪಟ ಕುಂದಾಪುರ ಕನ್ನಡದಲ್ಲಿ ಹೇಳಿದರು. ಅವನು ನಮ್ಮ ಮೂವರ ಮುಖ ನೋಡಿದ. ಅತ್ತೆಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಕೈ ತೊಳೆದು ಬಂದು ಕೂತ. ಮೂರು ಕಡುಬು ತಿಂದ. ಹಯಗ್ರೀವ ತಿಂದು, ಇದರ ಹೆಸರೇನು ಎಂದು ಎರಡು ಸಲ ಕೇಳಿ ಎರಡು ಸಲವೂ ಬೇರೆಬೇರೆ ಹೇಳಿದ. ಅಷ್ಟರೊಳಗೆ ನನ್ನ ಗಂಡ, ನಾವು ಯಾರು, ಏಕೆ ಬಂದೆವು ಎಂಬುದನ್ನು ಬ್ಯಾಂಕಿನ ರಿಪೋರ್ಟಿನಷ್ಟು ಚಿಕ್ಕದಾಗಿ ತಿಳಿಸಿಬಿಟ್ಟಿದ್ದರು.

"ನೂರಾ? ನನ್ನದು ನೂರು ಕಾರ್ಡು ಇವೆಯಾ?" ಎಂದ ಡ್ರೆವಾಕ್.

ಅವನ ಹತ್ತಿರ ಒಂದೂ ಇರಲಿಲ್ಲ. ತಾಯಿ ಏಳೆಂಟು ಇಟ್ಟಿದ್ದರಂತೆ, ಮನೆ ಬದಲಿಸುವಾಗ ಹೋದವಂತೆ. ನಾನು ಆಲ್ಬಮ್ ಕೊಟ್ಟೆ. ಕೈ ಒರೆಸಿಕೊಂಡು, ಅಂಚನ್ನು ಮಾತ್ರ ಮುಟ್ಟುತ್ತ ಒಂದೊಂದೇ ಪುಟ ತಿರುಗಿಸಿದ. ಒಂದು ಕಡೆ ನಕ್ಕ, ಒಂದು ಕಡೆ ಮೂಗು ಮುಟ್ಟಿಕೊಂಡ. ತನ್ನ ಆಯಸ್ಸನ್ನು ತಾನೇ ಪುಟ ತಿರುಗಿಸಿ ನೋಡುವ ಮನುಷ್ಯನನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕೊನೆಯ ಪುಟದಲ್ಲಿ ಒಂಟಿಯಾಗಿ ಇಟ್ಟಿದ್ದ ನೂರನೆಯ ಕಾರ್ಡು ಬಂತು.

"ಓ, ಇದು ನಾನಲ್ಲ" ಎಂದ.

ನನಗೆ ಅರ್ಥವಾಗಲಿಲ್ಲ. ಕೆಳಗಿನ ಹೆಸರನ್ನು ತೋರಿಸಿದೆ. ಹೆಸರು ತನ್ನದೇ, ಚಿತ್ರ ತನ್ನದಲ್ಲ ಎಂದ. ಬೇಕರಿಯವರು ಫೋಟೋ ಅದಲುಬದಲು ಮಾಡಿದ್ದಾರೆ, ಇದು ಆ ತಂಡದ ಮೊದಲನೆಯ ಗೋಲ್‌ಕೀಪರ್ ವಾಲಿ, ಇಬ್ಬರದೂ ಬಿಳಿ ಮುಖವಾಡವೇ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಅಷ್ಟು ಸಲೀಸಾಗಿ ಹೇಳಿದ. ಅವನು ಹಾರಿಯೇ ಇರಲಿಲ್ಲ. ನಾನು ಕೂಡಿಟ್ಟದ್ದು ತೊಂಬತ್ತೊಂಬತ್ತು ಸಲ ಕೂತವನನ್ನು ಮತ್ತು ಒಂದು ಸಲ ಹಾರಿದ ಇನ್ಯಾರನ್ನೋ. ಅಳು ಬಂದೀತೆಂದು ಭಯವಾಗಿ ಕಡುಬಿನ ಪಾತ್ರೆಯ ಮುಚ್ಚಳವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ತಾಳಿ, ತಾಳಿ" ಎಂದು ಡ್ರೆವಾಕ್ ಕನ್ನಡಕ ಸರಿಮಾಡಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದ. "ನಾನು ಇಲ್ಲಿದ್ದೇನೆ ನೋಡಿ."

ಅವನ ಬೆರಳು ಕೆಳಗಿನ ಬಲ ಮೂಲೆಯಲ್ಲಿತ್ತು. ಅಲ್ಲಿ ಅಂಕಣದ ಅಡ್ಡಗೋಡೆಯ ಒಂದು ತುಂಡು, ಅದರಲ್ಲೊಂದು ಗೇಟು, ಗೇಟಿನ ಮೇಲೆ ಒಂದು ಕಂದು ಗ್ಲೌಸು. ಬರೀ ಗ್ಲೌಸು, ಅಕ್ಕಿಕಾಳಿನಷ್ಟು. ಬೆಂಚಿನಲ್ಲಿ ಕೂತ ಗೋಲ್‌ಕೀಪರಿಗೆ ಒಂದು ಕೆಲಸವಿರುತ್ತದಂತೆ. ಆಟಗಾರರು ದಣಿದು ಒಳಗೆ ಬರುವಾಗ, ಹೊಸಬರು ಹೊರಗೆ ನುಗ್ಗುವಾಗ, ಗೇಟು ತೆರೆದು ಮುಚ್ಚುವುದು. ಒಂದು ಕ್ಷಣ ಹೆಚ್ಚುಕಡಿಮೆಯಾದರೆ ಯಾರದಾದರೂ ಕೈ ಮುರಿಯುತ್ತದೆ. "ಹದಿನೆಂಟು ವರ್ಷದಲ್ಲಿ ನನ್ನ ಗೇಟಿನಲ್ಲಿ ಒಬ್ಬರ ಬೆರಳೂ ಸಿಕ್ಕಿಕೊಂಡಿಲ್ಲ" ಎಂದ. ಆಮೇಲೆ ಹಾರುತ್ತಿದ್ದ ವಾಲಿಯನ್ನು ಮತ್ತೊಮ್ಮೆ ನೋಡಿ, "ಅವತ್ತು ಇದನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡಲಿಲ್ಲ. ಅಂಥ ಜಾಗ ಟಿಕೆಟು ಕೊಂಡರೂ ಸಿಗೋದಿಲ್ಲ" ಎಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ. ಅವತ್ತಿನ ಸಂತೋಷ ಅವನಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಹಾರಿದವನನ್ನು ನೋಡಿದಾಗ ನನಗೆ ಬಂದ ಬೆರಗು ಇದರ ಮುಂದೆ ಏನೂ ಅಲ್ಲ.

"ಎಂತ ಹೇಳ್ತ ಅವ?" ಎಂದರು ಅತ್ತೆ. ಕನ್ನಡಿಸಿ ಹೇಳಿದೆ. ಅತ್ತೆಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. "ಅಲ್ದಾ ಮತ್ತೆ? ಬಾಗ್ಲ್ ತೆಗುಕೂ ಒಬ್ರ್ ಬೇಕಲೆ" ಎಂದು ಉಳಿದ ಹಯಗ್ರೀವವನ್ನು ಅವನ ತಟ್ಟೆಗೆ ಬಡಿಸಿದರು.

ನಾನು ಮಾತ್ರ ಆ ಮೂಲೆಯನ್ನೇ ನೋಡುತ್ತಿದ್ದೆ. ಯಾರ ಕಣ್ಣಿಗೂ ಬೀಳದ ಮನುಷ್ಯನನ್ನು ಕಂಡುಹಿಡಿದವಳು ನಾನೊಬ್ಬಳೇ ಎಂದು ಹನ್ನೆರಡು ವರ್ಷ ಒಳಗೊಳಗೇ ಬೀಗಿದವಳು. ಅದೇ ಮೂಲೆಯನ್ನು ಭೂತಗನ್ನಡಿ ಹಿಡಿದು ಹತ್ತು ನಿಮಿಷ ಪರೀಕ್ಷೆ ಮಾಡಿದ್ದೆ. ಮುದುರಿದೆಯೇ ಇಲ್ಲವೇ ಎಂದು ನೋಡಿದೆ, ಮನುಷ್ಯ ಇದ್ದಾನೆಯೇ ಎಂದು ನೋಡಲಿಲ್ಲ.

ಗುಂಪಿಗೆ ನಡೆದದ್ದನ್ನೆಲ್ಲ ಬರೆದೆ. ಮೇಷ್ಟರು ತಮ್ಮ ಕಾರ್ಡನ್ನೂ ತೆಗೆದು ನೋಡಿ, ನಲವತ್ತು ವರ್ಷ ಮಕ್ಕಳಿಗೆ ಗಮನವಿಟ್ಟು ನೋಡಿ ಎಂದು ಪಾಠ ಹೇಳಿದೆನಲ್ಲ ಎಂದು ಹಲುಬಿದರು. ಗ್ಲೌಸು ಮಾತ್ರ ಇದ್ದರೆ ಆ ಕಾರ್ಡು ಅವನದೆಂದು ಎಣಿಸಬಹುದೇ ಎಂದು ಇನ್ನೂ ಚರ್ಚೆ ನಡೆಯುತ್ತಿದೆ. ಹತ್ತು ಜನರಲ್ಲಿ ಐವರು ಆ ಕಡೆ, ಐವರು ಈ ಕಡೆ. ಹನ್ನೊಂದನೆಯವಳು ನಾನು, ನನ್ನ ಮತ ನಾನು ಹಾಕಿಲ್ಲ. ಹಾಕುವ ಅರ್ಹತೆ ನನಗಿದೆ ಎಂದು ಅನ್ನಿಸುತ್ತಿಲ್ಲ.

ಬರುವ ಮೊದಲು ಒಂದು ಫೋಟೋ ಬೇಕೆಂದು ನಾನು ಹಟ ಹಿಡಿದಿದ್ದೆ. ಜನ್ಮದಲ್ಲಿ ಒಂದು ಸಲ ಅವನ ಪಕ್ಕದಲ್ಲಿ ನಾನು ಇರುವುದು ಬೇಡವೇ? ಸದಾನಂದರು ಫೋನು ಹಿಡಿದು, "ಸ್ವಲ್ಪ ಒತ್ತಿಕೊಳ್ಳಿ, ಇನ್ನೂ ಸ್ವಲ್ಪ" ಎಂದು ಬಹಳ ಮುತುವರ್ಜಿಯಿಂದ ತೆಗೆದರು. ಅದನ್ನು ಕಾರ್ಡಿನ ಅಳತೆಗೇ ಅಚ್ಚು ಹಾಕಿಸಿ ತಂದು ಕೊಟ್ಟರು. ನಡುವಿನಲ್ಲಿ ಡ್ರೆವಾಕ್, ಬಾಯಿತುಂಬ ನಗು. ಪಕ್ಕದಲ್ಲಿ ಮಂಕಿ ಕ್ಯಾಪಿನ ಅತ್ತೆ, ಊರನ್ನೇ ಗೆದ್ದವರ ಹಾಗೆ. ಚಿತ್ರ ತುಂಬ ಸ್ಪಷ್ಟವಾಗಿದೆ, ಬೆಳಕು ಚೆನ್ನಾಗಿದೆ. ಎಡಗಡೆಯ ಮೂಲೆಯಲ್ಲಿ ಪಾತ್ರೆಯ ಮುಚ್ಚಳ ಹಿಡಿದ ಒಂದು ಕೈ ಇದೆ. ಒಂದು ವಾರ ಗಂಡನ ಜೊತೆ ಮಾತು ಬಿಟ್ಟಿದ್ದೆ, ಈಗ ಆಲ್ಬಮಿನಲ್ಲಿ ಇಟ್ಟಿದ್ದೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಎಲ್ಲರೂ ಅತ್ತೆಯನ್ನು ಹೊಗಳಿ, ನೀವು ಹೋಗಿರಲಿಲ್ಲವಾ ಎಂದು ಕೇಳುತ್ತಾರೆ. ಹೋಗಿದ್ದೆ. ಕೈ ನನ್ನದೇ, ಬಳೆ ನೋಡಿದರೆ ಗೊತ್ತಾಗುತ್ತದೆ.